ಜುಂಯ್ ಅನ್ನುವ ನಾಲ್ಕನೇ ತಂತಿ

“ಸತ್ತಾಂವನ ಗಿಟಾರ ಮನಿಗೆ ಬಂದೈತ್ರಿ ಮಾಸ್ತರ! ಇವತ್ತ ಮುಂಜಾನೆ ಬಾಗಲಾ ತಗದ್ರ ಗೂಟಕ್ಕ ಜೋತಬಿದ್ದಿತ್ತು!”

ತಾರ್ ಆಫೀಸಿನ ಗುರುರಾಜ ಚಹಾದ ಬಸಿಯನ್ನು ತುಟಿಯ ಹತ್ತಿರ ತಂದವನು ಅಲ್ಲೇ ನಿಲ್ಲಿಸಿದ. ವಿಜಾಪುರದ ಗಾಂಧಿ ಚೌಕದ ಆ ಇಕ್ಕಟ್ಟಾದ ರೇಡಿಯೋ ಅಂಗಡಿಯಲ್ಲಿ ಬೆಸುಗೆ ಹಾಕುತ್ತಿದ್ದ ರಸೂಲಸಾಬನ ಕೈಯೂ ನಿಂತಿತು.

“ಯಾರ ಗಿಟಾರ?”

“ಇನ್ಯಾರದ್ರಿ? ನನ್ನ ತಮ್ಮಂದು!”

ಟಿಕೋಟಾದ ಹೀರಾಬಾಯಿ ಎದೆಗವಚಿಕೊಂಡಿದ್ದ ಕಂಬಳಿಯ ಗಂಟನ್ನು ಮೇಜಿನ ಮೇಲೆ ಇಟ್ಟಳು. ನಿದ್ದೆ ಹೋದ ಕೂಸನ್ನು ಮಲಗಿಸಿದಷ್ಟು ಮೆಲ್ಲಗೆ.

ಶ್ರಾವಣದಲ್ಲಿ ಡೋಣಿ ಹೊಳೆಗೆ ನೆರೆ ಬಂದ ದಿನ ಅವಳ ತಮ್ಮ ಶಿವಶರಣಪ್ಪ ಮಾಯವಾಗಿದ್ದ. ದಂಡೆಯ ಮೇಲೆ ಸಿಕ್ಕಿದ್ದು ಅವನ ಮಿಲಿಟರಿ ಬೂಟು ಎರಡೇ. ಹೆಣವೂ ಇಲ್ಲ, ಗಿಟಾರವೂ ಇಲ್ಲ.

ಈಗ ಗಿಟಾರ ಬಂದಿತ್ತು.

ಗುರುರಾಜ ಕಂಬಳಿ ಬಿಡಿಸಿದ. ಅಬ್ಬಾ! ಮೂರು ತಿಂಗಳ ಹಿಂದೆ ಹೇಗಿತ್ತೋ ಹಾಗೇ ಇತ್ತು. ನೀರು ತಾಗಿದ ಗುರುತಿಲ್ಲ, ತುಕ್ಕಿಲ್ಲ. ಕಪ್ಪು ಮೈ ಬಾವಿಯ ನೀರಿನ ಹಾಗೆ ಹೊಳೆಯುತ್ತಿತ್ತು. ಇಟಲಿಯ ಯುದ್ಧದಿಂದ ಮರಳುವಾಗ ಅಮೆರಿಕದ ಸಿಪಾಯಿಯೊಬ್ಬ ಶಿವಶರಣಪ್ಪನಿಗೆ ಕೊಟ್ಟ ವಾದ್ಯ ಅದು. ತಂತಿಗಳು ಕೂರುವ ಕುದುರೆ ಇದರಲ್ಲಿ ಕಟ್ಟಿಗೆಯದಲ್ಲ, ಲೋಹದ್ದು. ಅದರ ಪಕ್ಕಕ್ಕೆ ಸ್ಪ್ರಿಂಗು, ಸ್ಪ್ರಿಂಗಿಗೆ ಒಂದು ಹಿಡಿಕೆ. ಹಿಡಿಕೆ ಅಮುಕಿದರೆ ಕುದುರೆಯೇ ಅಲುಗಾಡಿ ಸ್ವರ ನಡುಗುತ್ತಿತ್ತು, ಕಣ್ಣೀರು ತುಂಬಿದ ಗಂಟಲಿನ ಹಾಗೆ.

ಇದರ ವೈರನ್ನು ರೇಡಿಯೋದ ಬೆನ್ನಿಗೆ ಜೋಡಿಸಿದರೆ ರೇಡಿಯೋದೊಳಗಿಂದ ದನಿ ಬರುತ್ತಿತ್ತು. ಶಿವಶರಣಪ್ಪ ಮೊದಲ ಸಲ ಇದೇ ಅಂಗಡಿಯಲ್ಲಿ ಬಾರಿಸಿದಾಗ ಟಾಂಗಾದವರು ಲಗಾಮು ಬಿಟ್ಟು ಬಂದು ನಿಂತಿದ್ದರು. ಅರಿವೆ ಅಂಗಡಿಯವರು ಗಜಕೋಲು ಕೈಯಲ್ಲಿ ಹಿಡಿದೇ ಓಡಿ ಬಂದಿದ್ದರು.

“ಹಚ್ಚು ರಸೂಲ,” ಅಂದ ಗುರುರಾಜ.

ವೈರು ಜೋಡಿಸಿದರು, ರೇಡಿಯೋ ಬಿಸಿಯಾಯಿತು. ರಸೂಲಸಾಬ ಒಂದೊಂದೇ ತಂತಿ ಮೀಟಿದ. ಮೊದಲನೆಯದು ಗಾಜಿನಷ್ಟು ಸ್ವಚ್ಛ. ಎರಡು, ಮೂರು, ಹಾಗೇ. ನಾಲ್ಕನೆಯದು...

ಜುಂಯ್ಯ್ಯ್!

ಕೊಡಪಾನದೊಳಗೆ ಸಿಕ್ಕಿಬಿದ್ದ ಜೇನುಹುಳದ ಸದ್ದು. ಹೀರಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಇದ ನೋಡ್ರಿ! ನಸಿಕಿನ್ಯಾಗ ಸುಮ್ಮನ ಬೆರಳಾಡಿಸಿದ್ರ ಹಿಂಗ ಅಂತು. ಮೊದಲ ಇದು ಹಿಂಗ ಅಳತಿರಲಿಲ್ಲ. ನಮ್ಮ ಮನಿಯವರು ಏನಂದ್ರು ಗೊತ್ತೇನ್ರಿ? ಹೊಳಿಗೆ ಹೋದಾಂವ ದೆವ್ವಾಗಿ ಇದರಾಗ ಕುಂತಾನ, ಬಾವಿಗೆ ಒಗಿ ಅಂದ್ರು.”

“ನಿಮ್ಮ ಗಂಡ ಬಸಗೊಂಡಪ್ಪಾರು ಹಂಗಂದ್ರ?” ಗುರುರಾಜ ಕೇಳಿದ.

“ಹೂಂ. ಬೂಟು ಸಿಕ್ಕ ಹನ್ನೊಂದ ದಿನಕ್ಕ ತಿಥಿ ಮಾಡಿ ಮುಗಿಸಿದಾವರೂ ಅವರ. ನಾ ಬ್ಯಾಡ ಬ್ಯಾಡಂದ್ನಿ. ಕೇಳಲಿಲ್ಲ. ಈಗ ನನ್ನ ತಮ್ಮನ ಹೊಳಿ ದಂಡಿ ಹೊಲದಾಗ ಅವರ ಬಿತ್ತ್ಯಾರ.” ಅವಳು ಮೇಜಿನ ಮೇಲೆ ಮುಂದಕ್ಕೆ ಬಾಗಿದಳು. “ನನಗ ಒಂದ ಮಾತ ಹೇಳ್ರಿ ಮಾಸ್ತರ. ನನ್ನ ತಮ್ಮ ಜೀವಂತ ಅದಾನೋ ಇಲ್ಲೋ? ಅಷ್ಟ ಸಾಕು.”

ಗುರುರಾಜ ಕನ್ನಡಕ ಒರೆಸಿಕೊಂಡ. ಹದಿನಾಲ್ಕು ವರ್ಷ ತಾರಿನ ಕಟಕಟ ಕೇಳಿದ ಕಿವಿ ಅದು. ಸೊಲ್ಲಾಪುರದ ಆ ತುದಿಯಲ್ಲಿ ಕುಟ್ಟುತ್ತಿರುವ ಮಾಸ್ತರ ಯಾರು, ಅವನಿಗೆ ಇವತ್ತು ಜ್ವರ ಇದೆಯೋ ಇಲ್ಲವೋ ಅನ್ನುವುದನ್ನೂ ಸದ್ದಿನಿಂದಲೇ ಹೇಳುತ್ತಿದ್ದ.

“ಗಿಟಾರ ತಾನಾಗಿ ನಡಕೋತ ಬರೂದಿಲ್ಲ ಹೀರಾಬಾಯಿ. ಯಾರೋ ತಂದಾರ. ಮೊದಲ ಇರಲಾರದ ಸದ್ದು ಈಗ ಅದ ಅಂದ್ರ, ಆ ಕೈಯವರು ಇದರೊಳಗ ಏನೋ ಮಾಡ್ಯಾರ. ಸದ್ದಿನ ಜಾಗಾ ಸಿಕ್ಕರ ಕೈ ಸಿಗತದ.”

“ನನ್ನ ಕಡೆ ಯಾಕ ನೋಡಾಕತ್ತೀರಿ ಮಾಸ್ತರ?” ರಸೂಲಸಾಬ ಗಾಬರಿಯಾದ. “ನಾ ಹೋದ ವರ್ಷ ಒಂದ ವೈರ್ ಬೆಸದಿದ್ದು ಖರೇ. ಅಷ್ಟ!”

“ಹಂಗಾದ್ರ ಮೊದಲ ನಿನ್ನನ್ನ ಬಿಡಸೂಣು. ವೈರ್ ತಗಿ.”

ವೈರು ತೆಗೆದು, ರೇಡಿಯೋ ಆರಿಸಿ ಮೀಟಿದರು. ದನಿ ಸಣ್ಣದಾಯಿತು. ಜುಂಯ್ ಮಾತ್ರ ಹೋಗಲಿಲ್ಲ.

“ರೇಡಿಯೋ ಅಲ್ಲ, ಬೆಸುಗಿ ಅಲ್ಲ. ನೀ ಪಾರಾದಿ.”

“ಅಲ್ಲಾಹ್ ದೊಡ್ಡಾಂವ,” ಅಂದ ರಸೂಲಸಾಬ, ಬೀಡಿ ಹಚ್ಚಿಕೊಂಡ.

ಆಮೇಲೆ ಹಿಡಿಕೆ. ಅದರ ತಿರುಪು ಬಿಚ್ಚಿ ಪಕ್ಕಕ್ಕಿಟ್ಟು ಮೀಟಿದರು. ಜುಂಯ್. ಸ್ಪ್ರಿಂಗಿನ ಸುರುಳಿಯೊಳಗೆ ಅರಳೆ ತುರುಕಿದರು. ಒಳಗೆ ಸಾಸಿವೆ ಕಾಳೂ ಅಲುಗದ ಹಾಗೆ ಬಿಗಿದರು. ಆದರೂ ಜುಂಯ್. ತಂತಿ ಬಿಗಿಯುವ ಕಿವಿಗಳನ್ನು ಒಂದೊಂದಾಗಿ ಬೆರಳಿನಿಂದ ಒತ್ತಿ ಹಿಡಿದರು. ಜುಂಯ್, ಜುಂಯ್, ಜುಂಯ್.

“ದೆವ್ವನ ಐತ್ರಿ,” ಅಂದ ರಸೂಲಸಾಬ ಮೆಲ್ಲಗೆ.

“ಕೈ ಮುಗೀತೇನಿ, ನನ್ನ ತಮ್ಮನ್ನ ದೆವ್ವಾ ಮಾಡಬ್ಯಾಡ್ರಿ ಸಾಬ್ರ,” ಅಂದಳು ಹೀರಾಬಾಯಿ.

ಗುರುರಾಜ ಜೇಬಿನಿಂದ ತಾರ್ ಆಫೀಸಿನ ಕಟ್ಟಿಗೆ ಪಟ್ಟಿಯನ್ನು ತೆಗೆದ. ಅದರ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿದ. ಇನ್ನೊಂದು ತುದಿಯನ್ನು ಗಿಟಾರದ ಲೋಹದ ಕುದುರೆಗೆ ಮುಟ್ಟಿಸಿ, ಎರಡೂ ಕಿವಿ ಮುಚ್ಚಿಕೊಂಡು, ಮೀಟು ಎಂದು ಸನ್ನೆ ಮಾಡಿದ.

ರಸೂಲಸಾಬ ಮೀಟಿದ. ಗುರುರಾಜನ ಕಣ್ಣುಗಳು ದೊಡ್ಡವಾದವು.

ಕಿವಿ ಮುಚ್ಚಿದೆ, ಆದರೂ ಇಡೀ ವಾದ್ಯ ತಲೆಬುರುಡೆಯೊಳಗೆ ಹಾಡುತ್ತಿದೆ! ಹಲ್ಲಿನಿಂದ ದವಡೆಗೆ, ದವಡೆಯಿಂದ ನೆತ್ತಿಗೆ! ಪಟ್ಟಿಯ ತುದಿಯನ್ನು ಕೂದಲೆಳೆಯಷ್ಟು ಸರಿಸಿದ. ಜುಂಯ್ ದೂರ ಹೋಯಿತು. ಹಿಂದಕ್ಕೆ ಸರಿಸಿದ. ಹತ್ತಿರ ಬಂತು. ಇನ್ನೊಂಚೂರು. ಈಗ ಅದು ಹಲ್ಲಿನ ಬೇರಿನಲ್ಲೇ ಕೂತು ಝೇಂಕರಿಸಿತು.

ಪಟ್ಟಿಯ ತುದಿ ನಿಂತದ್ದು ಕುದುರೆಯ ಮೇಲೆ, ನಾಲ್ಕನೇ ತಂತಿ ಕೂರುವ ಕಚ್ಚಿನಲ್ಲಿ.

“ಭಿಂಗ ತಾ ರಸೂಲ. ಲಗೂನ.”

ಆ ಭೂತಗನ್ನಡಿಯ ಕೆಳಗೆ ಅದು ಕಂಡಿತು. ತಂತಿಗೂ ಲೋಹಕ್ಕೂ ನಡುವೆ ಒಂದು ದಾರ. ಅರ್ಧ ಗೋಧಿಕಾಳಿನಷ್ಟು ಉದ್ದ, ಜೇಡರಬಲೆಯಷ್ಟು ಸಣ್ಣ. ಗುರುರಾಜ ಚಿಮಟಿಗೆಯಿಂದ ಅದನ್ನು ಎಳೆದು ತೆಗೆದ. ರಸೂಲಸಾಬ ಮೀಟಿದ.

ಸ್ವಚ್ಛ. ಹಾಲಿನಷ್ಟು ಸ್ವಚ್ಛ.

ಮತ್ತೆ ದಾರ ಇಟ್ಟ. ಸದ್ದು ಬಂತು, ಆದರೆ ಒರಟು. ದಾರವನ್ನು ತುಸು ಮುಂದಕ್ಕೆ ದೂಡಿದ. ಸದ್ದೇ ಇಲ್ಲ. ತುಸು ಹಿಂದಕ್ಕೆ. ಆಗ ತಂತಿಯಿಂದ ಒಂದರೊಳಗೊಂದು ಹತ್ತು ಸ್ವರಗಳು ಬಿಚ್ಚಿಕೊಂಡವು. ರಸೂಲಸಾಬ ಬೀಡಿ ಕೆಳಗಿಟ್ಟ.

“ಇದು ಕಸ ಅಲ್ಲ,” ಗುರುರಾಜ ಪಿಸುಗುಟ್ಟಿದ. “ಕಸಕ್ಕ ಇಷ್ಟ ಲೆಕ್ಕ ಇರೂದಿಲ್ಲ. ಇದನ್ನ ಕೈಯಿಂದ ಇಟ್ಟಾರ, ಕಿವಿಯಿಂದ ಸರಿಸ್ಯಾರ. ತಂಬೂರಿಗೆ ಇಡತಾರಲ್ಲ ಜೀವದ ದಾರ, ಅದು! ತಂತಿ ಝೇಂಕರಿಸದಿದ್ದರ ವಾದ್ಯ ಸತ್ತದ ಅನ್ನೂ ಮಂದಿ ಮಾಡೂ ಕೆಲಸ. ಅಮೆರಿಕದಾಂವ ಇದನ್ನ ಕಂಡ್ರ ಕೆಟ್ಟದ ಅಂತ ಕಿತ್ತ ಒಗೀತಿದ್ದ. ಇಲ್ಲೆ ಯಾರೋ ಇದಕ್ಕ ಪ್ರೀತಿಲೆ ಜೀವಾ ತುಂಬ್ಯಾರ!”

“ಯಾರ್ರಿ?” ಹೀರಾಬಾಯಿ ಮೇಜು ಹಿಡಿದುಕೊಂಡಳು.

ರಸೂಲಸಾಬ ಭಿಂಗದೊಳಗೆ ಇಣುಕಿ ದಾರ ನೋಡುತ್ತಿದ್ದ. ಕೆಂಪು ಎಳೆ, ಹಳದಿ ಎಳೆ, ಎರಡೂ ಸೇರಿ ಹುರಿ. “ಮಾಸ್ತರ, ಇದು ಲಾಡಿ! ಮೊಹರಮ್ಮಿನ ಲಾಡಿ! ಅಬೇದಾ! ಏ ಅಬೇದಾ, ಇತ್ಲಾಗ ಬಾ!”

ಅಂಗಡಿಯ ಹಿಂದೆಯೇ ಮನೆ. ಅವನ ಹೆಂಡತಿ ಅಬೇದಾ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದಳು. ಮೊಹರಮ್ಮಿಗೆ ಹರಕೆ ಹೊತ್ತು ಫಕೀರರಾಗುವವರು, ಯಾವ ಜಾತಿಯವರೇ ಇರಲಿ, ಕೊರಳಿಗೆ ಹಾಕಿಕೊಳ್ಳುವ ಆ ದಾರವನ್ನು ಅವಳು ಮನೆಯಲ್ಲಿ ಹೊಸೆದು ಕೊಡುತ್ತಿದ್ದಳು.

ಭಿಂಗದಲ್ಲಿ ಒಂದು ಸಲ ನೋಡಿದ್ದೇ ತಡ, ನಕ್ಕಳು. “ಇದು ನನ್ನ ಕೈದ್ರಿ!”

“ಹೆಂಗ ಹೇಳ್ತೀರಿ?”

“ನಾ ಎಡಚಿ ಅಲ್ಲೇನ್ರಿ ಮಾಸ್ತರ? ಎಲ್ಲಾರ ಹುರಿ ಬಲಕ್ಕ ತಿರಗತೈತಿ, ನಂದು ಎಡಕ್ಕ. ನಮ್ಮತ್ತಿ ಇದಕ್ಕ ಬೈದು ಬೈದು ಸತ್ಲು ಪಾಪ. ಈ ಹಳದಿ ನೂಲು ಈ ವರ್ಷನ ತಂದಿದ್ದು. ಕೈ ಬಾತಿತ್ತು ನೋಡ್ರಿ, ಒಂದ ಒಂದು ಲಾಡಿ ಮಾಡೇನಿ. ಬಬಲೇಶ್ವರದ ತಂಬೂರಿ ಭಾಗಪ್ಪಗ.”

ಗುರುರಾಜ ಬೆರಳು ಮಡಚಿದ.

“ಹೊಳಿ ಬಂದು ಮೂರು ತಿಂಗಳಾತು. ಮೊಹರಂ ಮುಗದು ಹದಿನೈದ ದಿನ. ಈ ದಾರ ಇಟ್ಟಿದ್ದು ಈ ಹದಿನೈದ ದಿನದೊಳಗ. ಗಿಟಾರ ಹೊಳಿಗೆ ಬಿದ್ದೇ ಇಲ್ಲ ಹೀರಾಬಾಯಿ. ಬಬಲೇಶ್ವರಕ್ಕ ಹೋಗ್ಯದ. ನಡೀರಿ, ಹನ್ನೆರಡರ ಬಸ್ ಸಿಗತದ.”

*

ಗುರುರಾಜ, ಹೀರಾಬಾಯಿ ಇಬ್ಬರೇ ಬಬಲೇಶ್ವರಕ್ಕೆ ಬಂದಾಗ ಭಾಗಪ್ಪ ತನ್ನ ಮನೆಯ ಕಟ್ಟೆಯ ಮೇಲೆ ಕುಳಿತು ತಂಬೂರಿಗೆ ಎಣ್ಣೆ ಒರೆಸುತ್ತಿದ್ದ. ಅರವತ್ತು ದಾಟಿದ ಮುದುಕ. ಮುಂದಿನ ಹಲ್ಲುಗಳಿಲ್ಲ. ಕೊರಳಲ್ಲಿ ಆ ಲಾಡಿ, ಕೆಂಪು-ಹಳದಿ.

“ಬರ್ರಿ ಬರ್ರಿ. ತಾರ್ ಬಂತೇನ್ರಿ ನನಗ? ಯಾರ ಸತ್ತ್ರು?”

“ಯಾರೂ ಸತ್ತಿಲ್ಲ ಅನ್ನೂ ತಾರ್,” ಅಂದ ಗುರುರಾಜ. ಕಂಬಳಿ ಬಿಚ್ಚಿದ.

ಮುದುಕನ ಕಣ್ಣು ಒಂದು ಗಳಿಗೆ ಗಿಟಾರದ ಮೇಲೆ ನಿಂತು, ಹೀರಾಬಾಯಿಯ ಮೇಲೆ ಹಾರಿ, ತಂಬೂರಿಗೆ ಮರಳಿತು. “ಇದೇನ್ರಿ ಇದು? ನಾ ಕಂಡೇ ಇಲ್ಲ.”

“ಕಂಡಿಲ್ಲ?”

“ನಮ್ಮಪ್ಪನ ಆಣಿ ಕಂಡಿಲ್ಲ. ಇದು ಸಾಹೇಬರ ಮಂದಿ ವಾದ್ಯ. ನಮಗೇನ ತಿಳೀತೈತ್ರಿ?”

ಹೀರಾಬಾಯಿ ಬಾಯಿ ತೆರೆಯಲಿದ್ದಳು. ಗುರುರಾಜ ಕಣ್ಣಿನಿಂದಲೇ ತಡೆದ. ದಾರವನ್ನು ಅವನು ತನ್ನ ಜೇಬಿನ ಕಾಗದದಲ್ಲಿ ಮಡಚಿಟ್ಟಿದ್ದ. ಕಟ್ಟೆಯ ಮೇಲೆ ಕುಳಿತು ಏನೂ ಮಾತಾಡದೆ ನಾಲ್ಕನೇ ತಂತಿಯನ್ನು ಮೀಟಿದ.

ಟಣ್.

ಭಾಗಪ್ಪನ ಎಣ್ಣೆ ಕೈ ನಿಂತಿತು.

ಟಣ್. ಟಣ್.

“ಹೊಲದಾಗ ಜ್ವಾಳ ಹೆಂಗದ ಭಾಗಪ್ಪ?” ಗುರುರಾಜ ಕೇಳಿದ. ಟಣ್.

“ಛಲೋ... ಛಲೋ ಐತ್ರಿ.”

“ನಿಡೋಣಿ ಕಡೆ ಮಳಿ ಛಲೋ ಆತಂತ.” ಟಣ್. ಟಣ್. ಟಣ್.

ಮುದುಕನ ದವಡೆ ಬಿಗಿಯಿತು. ಎಡಗಣ್ಣು ಅದುರಿತು. ಕಾಲಬೆರಳುಗಳು ಮಡಚಿಕೊಂಡವು. ಹಲ್ಲುನೋವಿನವನ ಹಾಗೆ ಕೆನ್ನೆ ಹಿಡಿದುಕೊಂಡ. ಗುರುರಾಜ ನಿಲ್ಲಿಸಲಿಲ್ಲ. ಟಣ್. ಟಣ್.

“ಸಾಕ ಮಾಡ್ರಿ ಯಪ್ಪಾ! ಹೆಣಾ ಬಡದಂಗ ಬಡೀತೀರಲ್ಲ! ಜೀವಾ ಎಲ್ಲಿ ಕಳದ್ರಿ ಅದರದು?”

ಅನ್ನುತ್ತಲೇ ಅವನ ಕೈ ತಾನೇ ತಾನಾಗಿ ಕೊರಳಿಗೆ ಹೋಯಿತು. ಲಾಡಿಯ ಗೊಂಡೆಯಿಂದ ಒಂದು ಎಳೆ ಕಿತ್ತಿತು. ಉಗುರಿನಿಂದ ಗಿಟಾರದ ತಂತಿ ಎತ್ತಿ, ಎಳೆಯನ್ನು ಕೆಳಗೆ ತೂರಿಸಿ, ಕಣ್ಣು ಮುಚ್ಚಿ ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿ, ಮೀಟಿತು.

ಜುಂಯ್ಯ್ಯ್!

ಕಟ್ಟಿದ ಎಮ್ಮೆಯೂ ತಲೆಯೆತ್ತಿತು. ಗುರುರಾಜ ತಾನು ಬಂದ ಕೆಲಸವನ್ನೇ ಮರೆತು ಆ ಬೆರಳುಗಳನ್ನು ನೋಡುತ್ತ ಕುಳಿತ. ಭಿಂಗವಿಲ್ಲ, ಪಟ್ಟಿಯಿಲ್ಲ. ತಾವು ಒಂದು ತಾಸು ಹುಡುಕಿದ ಜಾಗವನ್ನು ಮುದುಕ ಕಣ್ಣು ಮುಚ್ಚಿ ಮುಟ್ಟಿದ್ದ!

ಭಾಗಪ್ಪ ಕಣ್ಣು ತೆರೆದ. ತನ್ನ ಕೈ ಏನು ಮಾಡಿದೆ ಎಂದು ಆಗ ತಿಳಿಯಿತು.

“ಕಂಡಿಲ್ಲಂದಿ,” ಅಂದ ಗುರುರಾಜ ಮೆತ್ತಗೆ. “ತಂತಿ ಎತ್ತೂದು ಹೆಂಗ ಗೊತ್ತಾತು?”

ಮುದುಕ ಬೋಳು ಒಸಡು ತೋರಿಸಿ ನಕ್ಕ, ಸಿಕ್ಕಿಬಿದ್ದ ಕಳ್ಳನ ನಗೆ. “ನಮ್ಮಪ್ಪಗ ಹೇಳಬ್ಯಾಡ್ರಿ. ಆಣಿ ಮಾಡೇನಿ.”

ಹೀರಾಬಾಯಿ ಮೊಣಕಾಲೂರಿ ಅವನ ಪಾದ ಹಿಡಿದಳು. “ಯಜ್ಜಾ, ಯಾರ ತಂದ್ರು ಇದನ್ನ? ನನ್ನ ತಮ್ಮ ಅದಾನೇನ? ಒಂದ ಮಾತ ಹೇಳೋ ಯಜ್ಜಾ!”

“ಕಾಲ ಬಿಡಬೇ ತಂಗಿ.” ಭಾಗಪ್ಪ ಓಣಿಯ ಎರಡೂ ಕಡೆ ನೋಡಿದ. ದನಿ ತಗ್ಗಿಸಿದ. “ಅದಾನ. ಜೀವಂತ ಅದಾನ.”

ಅವಳ ಬಾಯಿಂದ ಮಾತಲ್ಲ, ಅಳುವೂ ಅಲ್ಲ, ಏನೋ ಒಂದು ಸದ್ದು ಬಂತು. ಹಣೆಯನ್ನು ಕಟ್ಟೆಯ ಕಲ್ಲಿಗೆ ಹಚ್ಚಿ ಹಾಗೇ ಕುಳಿತಳು.

“ಮೊಹರಂ ಮುಗದ ಮರದಿನ ಬಂದಿದ್ದ,” ಮುದುಕ ಹೇಳಿದ. “ತುಸು ಹೊತ್ತು ಬಾರಿಸಿದ. ಬೆರಳ ಬಂಗಾರ ಅಂವನವು. ಆದ್ರ ವಾದ್ಯದಾಗ ಜೀವಾ ಇರಲಿಲ್ಲ. ಯಪ್ಪಾ ತಡಿಯೋ ಅಂತ ಒಂದ ತಂತಿಗೆ ದಾರಾ ಇಟ್ಟೆ. ಮೊದಲ ಬಿದ್ದ ಬಿದ್ದ ನಕ್ಕ. ಇದನ್ನ ಕೆಡಿಸಿದ್ಯಲ್ಲೋ ಮುದಕಾ ಅಂದ. ನಕ್ಕೋತ ನಕ್ಕೋತ ಸುಮ್ಮನಾದ. ಆಮ್ಯಾಲ ಅಂದ, ಇರಲಿ, ತಗೀಬ್ಯಾಡ. ಚೀಟಿ ಬರದ್ರ ಮನ್ಯಾಗ ಯಾರರ ಓದತಾರ. ಸದ್ದ ಯಾರೂ ಓದೂದಿಲ್ಲ. ನಮ್ಮಕ್ಕಗ ಇದರ ಖರೇ ದನಿ ಗೊತ್ತೈತಿ. ಏನೋ ಫರಕ ಆಗೇತಿ ಅಂತ ಅಕಿ ತಿಳಕೋತಾಳ, ತಾರ್ ಮಾಸ್ತರನ ಕಡೆ ಒಯ್ತಾಳ, ಅಂವ ದಾರಾ ಹಿಡದು ಇಲ್ಲಿತನಾ ಬರತಾನ.”

ಗುರುರಾಜ ನಾಲ್ಕನೇ ತಂತಿಯನ್ನು ಮತ್ತೆ ಬಗ್ಗಿ ನೋಡಿದ. ತಾನು ಗೊಣಗುಟ್ಟುವ ದೋಷ ಅಂದುಕೊಂಡು ಬೆನ್ನು ಹತ್ತಿದ್ದು ಒಂದು ಕಾಗದ! ಅರ್ಧ ಗೋಧಿಕಾಳಿನಷ್ಟು ದಾರದ ಮೇಲೆ ಬರೆದ ಕಾಗದ!

ಹೀರಾಬಾಯಿ ತಲೆಯೆತ್ತಿದಳು. “ಮನಿಗೆ ಯಾಕ ಬರಲಿಲ್ಲ? ಗೂಟಕ್ಕ ಹಾಕಿ ಹೋದಾಂವ ಬಾಗಲಾ ಬಡೀಬಾರದಾಗಿತ್ತೇನ?”

ಭಾಗಪ್ಪ ತಂಬೂರಿಯ ಕಿವಿ ತಿರುಗಿಸಿದ.

“ಹೇಳೋ ಯಜ್ಜಾ.”

“ಹೊಳಿಗೆ ಅಂವ ಜಾರಿ ಬಿದ್ದಿಲ್ಲ ತಂಗಿ. ದಂಡಿ ಮ್ಯಾಲ ಬೂಟ ಬಿಚ್ಚಿ ಕುಂತಾಂವನ ಬೆನ್ನ ಮ್ಯಾಲ ಒಂದ ಕೈ ಬಿತ್ತು.”

“ಯಾರ ಕೈ?”

ಮುದುಕ ಅವಳ ಮುಖ ನೋಡಲಿಲ್ಲ.

“ಆ ಕೈಗೆ ನೀ ದಿನಾ ರೊಟ್ಟಿ ನೀಡತಿ.”

ಎಲ್ಲೋ ಒಂದು ರಾಟೆ ಕಿರ್ರೆನ್ನುತ್ತಿತ್ತು. ಅದೂ ನಿಂತ ಹಾಗೆ ಹೀರಾಬಾಯಿಗೆ ಅನಿಸಿತು. ಹನ್ನೊಂದು ದಿನಕ್ಕೆ ತಿಥಿ. ಹೊಳೆ ದಂಡೆಯ ಹೊಲ. ಬಾವಿಗೆ ಒಗಿ ಅಂದದ್ದು. ಒಂದೊಂದಾಗಿ ಎಲ್ಲ ಕೂಡಿಕೊಂಡವು.

“ಸುಳ್ಳು,” ಅಂದಳು.

“ಸುಳ್ಳೋ ಖರೇನೋ, ಅಂವನ ಬಾಯಿಂದ ಕೇಳು. ದಾರದ ಮಾತ ಎತ್ತಿ ಯಾರರ ಬಂದ್ರ ನನಗ ಹೇಳಿ ಕಳಸಂದಾನ. ಈಗ ಕಳಸ್ತೇನಿ. ಎಲ್ಲಿ ಅದಾನ ಅಂತ ಮಾತ್ರ ಕೇಳಬ್ಯಾಡ್ರಿ.” ಅವನು ಗುರುರಾಜನ ಕಡೆ ತಿರುಗಿದ. “ನಾಳೆ ಮುಂಜಾನೆ ಹತ್ತಕ್ಕ, ಗೋಳಗುಮ್ಮಟದ ಮ್ಯಾಲಿನ ಗ್ಯಾಲರಿ. ಮೆಟ್ಟಲಾ ಹತ್ತಿ ಒಳಗ ಕಾಲಿಟ್ಟ ಕೂಡಲೆ ಗ್ವಾಡಿಗೆ ಕಿವಿ ಹಚ್ಚಿ ನಿಂದರ್ರಿ. ಅಂವ ಆ ಕಡೆ ಗ್ವಾಡಿಗೆ ಬಾಯಿ ಹಚ್ಚಿ ಮಾತಾಡತಾನ. ನೀವು ಈ ಕಡೆ, ಅಂವ ಆ ಕಡೆ. ನಡುವ ದಾಟಿ ಹೋಗಬಾರದು.”

“ಯಾಕ? ನನ್ನ ತಮ್ಮನ ಮಾರಿ ನಾ ನೋಡಬಾರದೇನ?”

“ತೋರಸಂಗಿಲ್ಲ ಅಂದಾನ,” ಭಾಗಪ್ಪ ತಲೆ ತಗ್ಗಿಸಿದ. “ಅದ್ಯಾಕಂತ ಅಂವನ ಹೇಳ್ತಾನ.”

ಗುರುರಾಜ ಗಿಟಾರವನ್ನು ಕಂಬಳಿಯಲ್ಲಿ ಸುತ್ತಿದ. ಮುದುಕ ಇಟ್ಟ ಹೊಸ ದಾರವನ್ನು ತೆಗೆಯಲಿಲ್ಲ. “ಈ ಮಾತು ನಾವು ಮೂರು ಮಂದಿ ಬಿಟ್ಟು ನಾಲ್ಕನೇ ಕಿವಿಗೆ ಹೋಗಬಾರದು,” ಅಂದ. “ಹೀರಾಬಾಯಿ, ಇವತ್ತ ಮನಿಗೆ ಹೋಗ್ತೀರೋ, ಬ್ಯಾರೆ ಕಡೆ ಇರ್ತೀರೋ?”

ಅವಳು ಎದ್ದು ಸೆರಗು ಸಿಕ್ಕಿಸಿಕೊಂಡಳು. “ಹೋಗದಿದ್ರ ಸಂಶೆ ಬರತೈತ್ರಿ. ಹೋಗ್ತೇನಿ.”

*

ಟಿಕೋಟಾದಲ್ಲಿ ಬಸ್ಸಿಳಿದಾಗ ದನಗಳು ಮನೆಗೆ ಮರಳುತ್ತಿದ್ದವು. ಹೀರಾಬಾಯಿ ಒಲೆ ಹಚ್ಚಿ ರೊಟ್ಟಿ ಬಡಿದಳು. ಕೈ ಎಂದಿನಂತೆ ತಟ್ಟುತ್ತಿತ್ತು. ಅದೊಂದೇ ಅವಳಿಗೆ ಧೈರ್ಯ.

ಬಸಗೊಂಡಪ್ಪ ಕೈಕಾಲು ತೊಳೆದು ಬಂದು ಗಂಗಾಳದ ಮುಂದೆ ಕುಳಿತ. “ಗಿಟಾರ ಎಲ್ಲಿ?”

“ವಿಜಾಪುರದಾಗ ರಿಪೇರಿಗೆ ಕೊಟ್ಟೇನ್ರಿ.”

“ಸದ್ದು ಹೋತೇನ?”

“ಇಲ್ರಿ. ಸದ್ದಿನ ಜಾಗಾ ಇನ್ನ ಸಿಕ್ಕಿಲ್ಲಂತ.”

“ಹೂಂ.” ಅವನು ಕೈ ಚಾಚಿದ. “ರೊಟ್ಟಿ ನೀಡು.”

ದೊಡ್ಡ ಅಂಗೈ. ಹೆಬ್ಬೆರಳಿನ ಬುಡದಲ್ಲಿ ಹಗ್ಗದ ಗಟ್ಟಿ ಕಲೆ. ಹದಿನಾರು ವರ್ಷ ನೋಡಿದ ಕೈಯನ್ನು ಅವಳು ಇವತ್ತೇ ಮೊದಲು ನೋಡಿದ ಹಾಗೆ ನೋಡಿದಳು. ಬಿಸಿ ರೊಟ್ಟಿಯನ್ನು ಅದರ ಮೇಲೆ ಇಟ್ಟಳು.

ಅವನು ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿದ. ನಿಧಾನಕ್ಕೆ ಅಗಿದ. ಆಮೇಲೆ ತಲೆಯೆತ್ತದೆ ಹೇಳಿದ:

“ನಾಳೆ ನಾನೂ ಬರ್ತೇನಿ ವಿಜಾಪುರಕ್ಕ.”

“ಯಾ... ಯಾಕ್ರಿ?”

“ಗೋಳಗುಮ್ಮಟ ನೋಡಿ ಭಾಳ ವರ್ಷಾತು.” ಇನ್ನೊಂದು ತುತ್ತು ಬಾಯಿಗಿಟ್ಟ. “ಹತ್ತು ಗಂಟೇಕ ಮ್ಯಾಲ ಹತ್ತೂಣು. ನೀ ಈ ಕಡೆ ಗ್ವಾಡಿಗೆ ಕಿವಿ ಹಚ್ಚಿ ನಿಂದರು. ಆ ಕಡೆ ಗ್ವಾಡಿ ಬಾಜೂಕ ನಾ ನಿಂದರತೇನಿ. ಬಬಲೇಶ್ವರದ ಓಣಿಗೂ ಕಿವಿ ಅದಾವ.”